ಸರ್ಕಾರಿ ಶಾಲೆಯ ಕೆಲಸ ಶಾಸಕರಿಂದ ಆಗಬೇಕೆಂದರೆ: ಯಾವ ಕಡತ, ಯಾವ ಸಭೆ, ಯಾವ ತಿಂಗಳು

ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಅಧ್ಯಕ್ಷರು, ನಾಲ್ಕು ಜನ ಪೋಷಕರು, ಒಂದು ಹಾರ, ಒಂದು ಶಾಲು, ಒಂದು ಮನವಿ ಪತ್ರ. ಮನವಿಯಲ್ಲಿ ಏಳು ಬೇಡಿಕೆ: ಎರಡು ಕೊಠಡಿ, ಹೆಣ್ಣುಮಕ್ಕಳ ಶೌಚಾಲಯ, ಗಣಿತದ ಮೇಷ್ಟ್ರು, ಕಾಂಪೌಂಡ್, ಕಂಪ್ಯೂಟರ್, ಎಂಟನೇ ತರಗತಿ, ಬೆಳಗಿನ ಬಸ್ಸು. ಶಾಸಕರು ಹಾರ ಹಾಕಿಸಿಕೊಂಡು, 'ಆಯ್ತು, ನೋಡೋಣ' ಎಂದು ಕಾಗದವನ್ನು ಆಪ್ತ ಸಹಾಯಕರ ಕೈಗೆ ಕೊಡುತ್ತಾರೆ. ಅಲ್ಲಿಗೆ ಆ ಮನವಿಯ ಆಯಸ್ಸು ಮುಗಿಯಿತು.

ಶಾಸಕರಿಗೆ ಮನಸ್ಸಿಲ್ಲ ಎಂದು ಬೈದುಕೊಳ್ಳುವ ಮೊದಲು ಆ ಏಳು ಬೇಡಿಕೆಗಳನ್ನು ಒಮ್ಮೆ ಬಿಡಿಸಿ ನೋಡಿ. ಅವು ಏಳು ಬೇರೆ ಬೇರೆ ಕಡತಗಳು. ಕೊಠಡಿಗೆ ಅನುದಾನ ಬೇಕು, ಅದು ಕ್ರಿಯಾ ಯೋಜನೆಯ ಮಾತು. ಗಣಿತದ ಮೇಷ್ಟ್ರು ವರ್ಗಾವಣೆ ಕಾಯ್ದೆಯೊಳಗೆ ಬರುತ್ತಾರೆ. ಕಾಂಪೌಂಡು ಗ್ರಾಮ ಪಂಚಾಯಿತಿಯಲ್ಲೇ ಆಗಬಹುದು. ಎಂಟನೇ ತರಗತಿಗೆ ಬೆಂಗಳೂರಿನ ಆದೇಶ ಬೇಕು. ಬಸ್ಸಿನ ಮಾತು ಡಿಪೋ ಮ್ಯಾನೇಜರ್ ಹತ್ತಿರ. ಎಲ್ಲವನ್ನೂ ಒಂದೇ ಹಾಳೆಯಲ್ಲಿ ತುಂಬಿ ಕೊಟ್ಟರೆ ಆ ಕಾಗದವನ್ನು ಯಾರಿಗೆ ಕಳಿಸಬೇಕು ಎಂಬುದೇ ಆಪ್ತ ಸಹಾಯಕರಿಗೆ ಗೊತ್ತಾಗುವುದಿಲ್ಲ. ಹಾಗಾಗಿ ಅವರು ಬಿಇಒಗೆ (ಕ್ಷೇತ್ರ ಶಿಕ್ಷಣಾಧಿಕಾರಿ) ಒಂದು ಶಿಫಾರಸು ಪತ್ರ ಟೈಪ್ ಮಾಡಿಸುತ್ತಾರೆ: 'ಮನವಿಯನ್ನು ಪರಿಶೀಲಿಸಿ ನಿಯಮಾನುಸಾರ ಕ್ರಮ ಕೈಗೊಳ್ಳುವುದು.' ಬಿಇಒ ಕಚೇರಿಗೆ ಇಂಥ ಪತ್ರ ದಿನವೂ ಬರುತ್ತವೆ. ಈ ಸಾಲಿನಿಂದ ಯಾರಿಗೂ ಯಾವ ಕೆಲಸವೂ ಬೀಳುವುದಿಲ್ಲ ಎಂಬುದು ಪತ್ರ ಬರೆಸಿದವರಿಗೂ ಗೊತ್ತು, ತೆಗೆದುಕೊಂಡವರಿಗೂ ಗೊತ್ತು.

ಮೊದಲು: ನಿಮ್ಮ ಸಮಸ್ಯೆ ಯಾವ ಮಟ್ಟದ್ದು

ಶಿಕ್ಷಣ 1976ರ 42ನೇ ತಿದ್ದುಪಡಿಯವರೆಗೆ ರಾಜ್ಯ ಪಟ್ಟಿಯಲ್ಲಿತ್ತು, ಆಮೇಲೆ ಸಮವರ್ತಿ ಪಟ್ಟಿಗೆ ಹೋಯಿತು. ಹಾಗಾಗಿ ನಮ್ಮೂರ ಶಾಲೆಯ ಮೇಲೆ ಕೇಂದ್ರದ ಕಾನೂನು, ರಾಜ್ಯದ ಕಾನೂನು ಎರಡೂ ಕೂತಿವೆ. ಆ ಕಾನೂನಿನ ಕಾಗದಕ್ಕೆ ಮೇಲಿಂದ ಕೆಳಗೆ ಐದು ಮೆಟ್ಟಿಲು: ಕಾಯ್ದೆ, ನಿಯಮ, ಸರ್ಕಾರಿ ಆದೇಶ, ಸುತ್ತೋಲೆ, ಜ್ಞಾಪನ. ನಿಮ್ಮ ತೊಂದರೆಗೆ ಕಾರಣವಾದ ಕಾಗದ ಇವುಗಳಲ್ಲಿ ಯಾವುದು ಎಂದು ಕಂಡುಹಿಡಿಯುವುದೇ ಅರ್ಧ ಕೆಲಸ.

ಕಾಯ್ದೆ ಬದಲಾಗಲು ಎರಡೂ ಸದನಗಳ ಒಪ್ಪಿಗೆ ಬೇಕು. 1983ರ ಕರ್ನಾಟಕ ಶಿಕ್ಷಣ ಕಾಯ್ದೆ, 2015ರ ಕನ್ನಡ ಭಾಷಾ ಕಲಿಕಾ ಕಾಯ್ದೆ, 2020ರ ಶಿಕ್ಷಕರ ವರ್ಗಾವಣೆ ನಿಯಂತ್ರಣ ಕಾಯ್ದೆ ಈ ಸಾಲಿನವು. ನಿಮ್ಮ ಶಾಸಕರು ಮತ ಹಾಕುವ ಹಕ್ಕುಳ್ಳ 224 ಮಂದಿಯಲ್ಲಿ ಒಬ್ಬರು. ವಿರೋಧ ಪಕ್ಷದವರಾದರೂ ತಿದ್ದುಪಡಿ ಸೂಚಿಸಬಹುದು, ಆದರೆ ಗೆಲ್ಲಿಸುವುದು ಕಷ್ಟ.

ನಿಯಮ ಬದಲಾಗಲು ಸದನದಲ್ಲಿ ಮತದಾನ ಬೇಕಿಲ್ಲ. ಜನ ಎಡವುವುದು ಇಲ್ಲೇ. ಆರ್‌ಟಿಇ (ಶಿಕ್ಷಣ ಹಕ್ಕು ಕಾಯ್ದೆ) ಅಡಿ ಖಾಸಗಿ ಶಾಲೆಯ 25% ಸೀಟು ಎಷ್ಟೋ ಊರುಗಳಲ್ಲಿ 2019-20ರಿಂದ ಸಿಗದಂತಾಯಿತಲ್ಲ, ಆಗ ಆ ಸೀಟಿನ ಬಗ್ಗೆ 2009ರ ಕಾಯ್ದೆಯ ಒಂದಕ್ಷರವೂ ಬದಲಾಗಿರಲಿಲ್ಲ. ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆ ಆ ಸೀಟು ಕೊಡಬೇಕಿಲ್ಲ ಎಂದು ರಾಜ್ಯದ ನಿಯಮ ತಿದ್ದಲಾಗಿತ್ತು, ಅಷ್ಟೆ. ನಿಯಮಕ್ಕೆ ಮೊದಲು ಕರಡು ಅಧಿಸೂಚನೆ ಹೊರಡುತ್ತದೆ, ಆಕ್ಷೇಪಣೆ ಸಲ್ಲಿಸಲು ಸಾಮಾನ್ಯವಾಗಿ 15 ಅಥವಾ 30 ದಿನ ಕೊಡುತ್ತಾರೆ. ಆ ದಿನಗಳಲ್ಲಿ ಹತ್ತು ಎಸ್‌ಡಿಎಂಸಿಗಳ ಠರಾವು ಮತ್ತು ಇಬ್ಬರು ಶಾಸಕರ ಲಿಖಿತ ಆಕ್ಷೇಪ ಹೋದರೆ ಅದು ಕಡತದಲ್ಲಿ ದಾಖಲಾಗುತ್ತದೆ. ಗಡುವು ಮುಗಿದ ಮೇಲೆ ಧರಣಿ ಕೂತರೂ ಆ ದಾಖಲೆ ಹುಟ್ಟುವುದಿಲ್ಲ.

ಸರ್ಕಾರಿ ಆದೇಶ ಇನ್ನೂ ಮೆತ್ತಗಿನದು. ಒಂದನೇ ತರಗತಿಗೆ ಸೇರಲು ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕು ಎಂಬ ಆದೇಶ 2022ರಲ್ಲಿ ಬಂತು. ಜಾರಿ 2025-26ಕ್ಕೆ ಮುಂದೆ ಹೋಯಿತು, ಆ ವರ್ಷ ಮತ್ತೆ 5 ವರ್ಷ 5 ತಿಂಗಳಿಗೆ ಒಂದು ಸಾಲಿನ ಮಟ್ಟಿಗೆ ಸಡಿಲವಾಯಿತು. ಆದೇಶವೆಂದರೆ ಸಚಿವರ ಮೇಜಿನ ಮೇಲೆ ಬದಲಾಗಬಲ್ಲ ಕಾಗದ. ಶಾಸಕರ ಒತ್ತಡ ಹೆಚ್ಚು ಫಲ ಕೊಡುವುದೂ ಈ ಮಟ್ಟದಲ್ಲೇ. ಇನ್ನು ಸುತ್ತೋಲೆ, ಜ್ಞಾಪನಗಳ ವಿಷಯಕ್ಕೆ ಶಾಸಕರವರೆಗೆ ಹೋಗಬೇಡಿ. ಡಿಡಿಪಿಐ (ಜಿಲ್ಲೆಯ ಶಿಕ್ಷಣ ಇಲಾಖೆ ಉಪನಿರ್ದೇಶಕರು) ಅಥವಾ ಆಯುಕ್ತರ ಕಚೇರಿಯಲ್ಲಿ ಮುಗಿಯುವ ಮಾತು ಅದು.

ಯಾರ ಬಳಿ ಹೋಗುವುದು

ವಿಧಾನಸಭಾ ಕ್ಷೇತ್ರದ ಗಡಿಯೂ ಶಿಕ್ಷಣ ಇಲಾಖೆಯ ಬ್ಲಾಕಿನ ಗಡಿಯೂ ಒಂದೇ ಅಲ್ಲ. ಕಂದಾಯ ಜಿಲ್ಲೆ 31, ಶೈಕ್ಷಣಿಕ ಜಿಲ್ಲೆ 35. ಚಿಕ್ಕೋಡಿ, ಶಿರಸಿ, ಮಧುಗಿರಿ ಇಲಾಖೆಯ ಲೆಕ್ಕದಲ್ಲಿ ಪ್ರತ್ಯೇಕ ಜಿಲ್ಲೆಗಳು. ಎಷ್ಟೋ ಶಾಸಕರ ಕ್ಷೇತ್ರ ಎರಡು ತಾಲ್ಲೂಕುಗಳಲ್ಲಿ ಹರಡಿರುತ್ತದೆ, ಅಂದರೆ ಇಬ್ಬರು ಬಿಇಒ. ನಿಮ್ಮ ಊರು ಆ ಅಂಚಿನಲ್ಲಿದ್ದರೆ, ಶಾಸಕರು ನಡೆಸುವ ಸಭೆಗೆ ನಿಮ್ಮ ಬಿಇಒ ಬರುವವರೋ ಪಕ್ಕದ ತಾಲ್ಲೂಕಿನವರೋ ಎಂದು ಮೊದಲೇ ವಿಚಾರಿಸಿಕೊಳ್ಳಿ. ತಪ್ಪು ಬಿಇಒಗೆ ಹೋದ ಪತ್ರ ಸರಿಯಾದ ಕಚೇರಿ ಸೇರಲು ತಿಂಗಳುಗಟ್ಟಲೆ ಹಿಡಿಯುತ್ತದೆ.

ವಿಧಾನ ಪರಿಷತ್ತನ್ನು ಜನ ಮರೆಯುತ್ತಾರೆ. 75 ಸ್ಥಾನಗಳಲ್ಲಿ 7 ಶಿಕ್ಷಕರ ಕ್ಷೇತ್ರದವು, 7 ಪದವೀಧರರ ಕ್ಷೇತ್ರದವು. ಶಿಕ್ಷಕರ ಕ್ಷೇತ್ರದಿಂದ ಬಂದವರು ನೇಮಕಾತಿ, ವೇತನ, ಪಿಂಚಣಿ, ಅನುದಾನದ ವಿಷಯ ಅರೆದು ಕುಡಿದಿರುತ್ತಾರೆ. ಇಲಾಖೆಯ ಅಧಿಕಾರಿಗಳಿಗೂ ಅವರೆಂದರೆ ಸ್ವಲ್ಪ ಎಚ್ಚರ. ಆದರೆ ಒಂದು ಸಂಗತಿ ಮನಸ್ಸಿನಲ್ಲಿರಲಿ: ಈ ಕ್ಷೇತ್ರದಲ್ಲಿ ಮತ ಇರುವುದು ಪ್ರೌಢಶಾಲೆ ಮತ್ತು ಅದಕ್ಕೆ ಮೇಲಿನ ಹಂತದ ಶಿಕ್ಷಕರಿಗೆ, ಅದೂ ಹಿಂದಿನ ಆರು ವರ್ಷಗಳಲ್ಲಿ ಕನಿಷ್ಠ ಮೂರು ವರ್ಷ ಪಾಠ ಮಾಡಿದವರಿಗೆ. ಪ್ರಾಥಮಿಕ ಶಾಲೆಯ ಶಿಕ್ಷಕರಿಗೆ ಮತವಿಲ್ಲ. ಆದ್ದರಿಂದ ಪ್ರೌಢಶಾಲೆ, ಪಿಯು ಕಾಲೇಜಿನ ವಿಷಯ ಅವರ ಬಳಿ ಬೇಗ ಕಾವು ಪಡೆಯುತ್ತದೆ, ಕಿರಿಯ ಪ್ರಾಥಮಿಕ ಶಾಲೆಯ ವಿಷಯ ಅಷ್ಟು ಬೇಗ ಪಡೆಯುವುದಿಲ್ಲ. ಅದಕ್ಕೆ ನಿಮ್ಮ ವಿಧಾನಸಭಾ ಸದಸ್ಯರೇ ಸರಿ.

ಜಿಲ್ಲಾ ಪಂಚಾಯಿತಿಯ ಶಿಕ್ಷಣ ಮತ್ತು ಆರೋಗ್ಯ ಸ್ಥಾಯಿ ಸಮಿತಿ ಇದಕ್ಕೆಲ್ಲ ಸಹಜವಾದ ಜಾಗವಾಗಬೇಕಿತ್ತು. 2021ರಲ್ಲಿ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಆ ಖಾಲಿ ಜಾಗದ ಭಾರವೆಲ್ಲ ಶಾಸಕರ ಮೇಲೆ ಬಿತ್ತು. ಮೊದಲು ಜಿಲ್ಲಾ ಪಂಚಾಯಿತಿ ಸದಸ್ಯರು ಹೇಳಿಸುತ್ತಿದ್ದ ಬೆಂಚು, ಹೆಂಚಿನ ವಿಷಯಕ್ಕೂ ಜನ ಶಾಸಕರ ಮನೆಗೆ ಹೋಗುವುದು ಇದರಿಂದ.

ಒಂದು ಬೇಡಿಕೆಗೆ ಒಂದು ಹಾಳೆ

ಶಾಸಕರನ್ನು ಕಾಣುವ ಮುಂಚೆ ಪ್ರತಿ ಬೇಡಿಕೆಗೆ ಒಂದೊಂದು ಹಾಳೆ ತಯಾರಿಸಿ. ಮೇಲ್ಗಡೆ ಶಾಲೆಯ ಹೆಸರು, 29ರಿಂದ ಶುರುವಾಗುವ 11 ಅಂಕಿಯ ಯು-ಡೈಸ್ ಸಂಖ್ಯೆ (ದೇಶದ ಶಾಲಾ ಮಾಹಿತಿ ಕೋಶದಲ್ಲಿ ಶಾಲೆಯ ಗುರುತು), ಕ್ಲಸ್ಟರ್ (ಹತ್ತಿರದ ಶಾಲೆಗಳ ಗುಂಪು), ಗ್ರಾಮ ಪಂಚಾಯಿತಿ. ಅದರ ಕೆಳಗೆ ತರಗತಿವಾರು ಮಕ್ಕಳ ಸಂಖ್ಯೆ, ಮಂಜೂರಾದ ಹುದ್ದೆ, ಭರ್ತಿಯಾದ ಹುದ್ದೆ. ಆಮೇಲೆ ಒಂದೇ ಒಂದು ಬೇಡಿಕೆ, ಅದಕ್ಕೆ ಆಧಾರವಾದ ಮಾನದಂಡ, ಇದುವರೆಗೆ ಹೋದ ಪತ್ರಗಳ ದಿನಾಂಕ ಮತ್ತು ಸ್ವೀಕೃತಿ ಸಂಖ್ಯೆ. ಕೊನೆಗೆ, ಯಾರು ಏನು ಮಾಡಬೇಕು ಎಂಬ ಒಂದು ಸಾಲು. 'ಬಿಇಒ ಅವರು ಉನ್ನತೀಕರಣದ ಪ್ರಸ್ತಾವನೆಯನ್ನು ಡಿಡಿಪಿಐ ಅವರಿಗೆ ಕಳುಹಿಸಬೇಕು' ಎಂದು ಬರೆದಿದ್ದರೆ ಶಾಸಕರು ನಿಮ್ಮೆದುರೇ ಫೋನ್ ಮಾಡಬಲ್ಲರು. 'ಶಾಲೆಯ ಅಭಿವೃದ್ಧಿಗೆ ಸಹಕರಿಸಬೇಕು' ಎಂದು ಬರೆದಿದ್ದರೆ ಯಾರಿಗೆ ಫೋನ್ ಮಾಡುವುದು?

ಹಾಳೆಯಲ್ಲಿ ಬರೆದ ಅಂಕಿ ಯು-ಡೈಸ್ ಅಂಕಿಗೆ ತಾಳೆಯಾಗಬೇಕು. ಮನವಿಗಳು ಹೆಚ್ಚಾಗಿ ಸಾಯುವುದು ಇಲ್ಲಿ. ಶೌಚಾಲಯ ಬೇಕೆಂದು ಊರಿನವರು ಗೋಗರೆಯುತ್ತಿರುತ್ತಾರೆ. ಯು-ಡೈಸ್‌ನಲ್ಲಿ ನೋಡಿದರೆ 'ಹೆಣ್ಣುಮಕ್ಕಳ ಶೌಚಾಲಯ: 2, ಬಳಕೆಯಲ್ಲಿರುವುದು: 2' ಎಂದಿರುತ್ತದೆ. ಮೂರು ವರ್ಷದ ಹಿಂದೆ ನೀರಿನ ಪೈಪು ಒಡೆದು ಬೀಗ ಬಿದ್ದಿದೆ, ಮುಖ್ಯ ಶಿಕ್ಷಕರು ಪ್ರತಿ ಸಲ ಹಳೆಯ ನಮೂನೆಯನ್ನೇ ತುಂಬಿ ಕಳಿಸಿದ್ದಾರೆ. ಅನುದಾನ ಹಂಚುವ ಅಧಿಕಾರಿ ನೋಡುವುದು ಪರದೆಯನ್ನು, ಬೀಗವನ್ನಲ್ಲ. ಹೀಗಿದ್ದಾಗ ಮೊದಲು ಸಿಆರ್‌ಪಿಯನ್ನು (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಕರೆಸಿ, ಬೀಗ ಬಿದ್ದ ಕೋಣೆಯ ಫೋಟೊ ತೆಗೆಸಿ, ಯು-ಡೈಸ್ ದಾಖಲೆ ತಿದ್ದಿಸಿ. ಆಮೇಲೆ ಶಾಸಕರ ಹತ್ತಿರ ಹೋಗಿ. ಮಾಹಿತಿ ಸಂಗ್ರಹಕ್ಕೆ ಸೆಪ್ಟೆಂಬರ್ 30 ಆಧಾರ ದಿನವಾಗಿ ನಡೆದುಬಂದಿರುವುದರಿಂದ ಈ ತಿದ್ದುಪಡಿಯನ್ನು ಆಗಸ್ಟ್‌ನಲ್ಲೇ ಮುಗಿಸಿಕೊಂಡರೆ ಕ್ಷೇಮ.

ಮಕ್ಕಳ ಸಂಖ್ಯೆಯದೂ ಹಾಗೆಯೇ. ಆರ್‌ಟಿಇ ಅನುಸೂಚಿ ಪ್ರಕಾರ 1ರಿಂದ 5ನೇ ತರಗತಿಗೆ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು, 61ರಿಂದ 90ಕ್ಕೆ ಮೂವರು, 91ರಿಂದ 120ಕ್ಕೆ ನಾಲ್ವರು. 91 ಮಕ್ಕಳಿರುವ ಶಾಲೆಯಲ್ಲಿ ವಲಸೆ ಬಂದ ಒಂದು ಮಗುವಿನ ಹೆಸರು ಎಸ್‌ಎಟಿಎಸ್‌ನಲ್ಲಿ (ಇಲಾಖೆಯ ವಿದ್ಯಾರ್ಥಿ ದಾಖಲೆ ವ್ಯವಸ್ಥೆ) ಹಳೇ ಶಾಲೆಯಿಂದ ವರ್ಗವಾಗದೆ ನಿಂತಿದ್ದರೆ ಲೆಕ್ಕ 90. ನಾಲ್ಕನೇ ಶಿಕ್ಷಕರು 'ಹೆಚ್ಚುವರಿ' ಪಟ್ಟಿಗೆ ಸೇರುತ್ತಾರೆ, ಮರುಹೊಂದಾಣಿಕೆಯಲ್ಲಿ ಬೇರೆ ಊರಿಗೆ ಹೋಗುತ್ತಾರೆ. ಆಮೇಲೆ ಶಾಸಕರು ಎಷ್ಟು ಗುಡುಗಿದರೂ ಇಲಾಖೆ ಆ ಅಂಕಿಯನ್ನೇ ತೋರಿಸುತ್ತದೆ. 6ರಿಂದ 8ಕ್ಕೆ ಲೆಕ್ಕ ಬೇರೆ: 35 ಮಕ್ಕಳಿಗೆ ಒಬ್ಬರಂತೆ, ತರಗತಿಗೊಬ್ಬರು ಇದ್ದೇ ಇರಬೇಕು.

ಎಂಟನೇ ತರಗತಿ ಅಥವಾ ಪ್ರೌಢಶಾಲೆ ಕೇಳುವವರು ಇನ್ನೆರಡು ದಾಖಲೆ ಸೇರಿಸಬೇಕು. ಒಂದು, ದೂರದ ಪಟ್ಟಿ. ರಾಜ್ಯದ ನಿಯಮದಲ್ಲಿ 1ರಿಂದ 5ಕ್ಕೆ 1 ಕಿ.ಮೀ., 6ರಿಂದ 8ಕ್ಕೆ 3 ಕಿ.ಮೀ. ಒಳಗೆ ಶಾಲೆ ಇರಬೇಕು. ಪ್ರೌಢಶಾಲೆಗೆ 5 ಕಿ.ಮೀ. ಅಳತೆ ಹಿಡಿಯುವುದು ರೂಢಿ. ಹತ್ತಿರದ ಶಾಲೆಗೆ ಮಕ್ಕಳು ನಡೆಯುವ ದಾರಿಯ ದೂರ ಬರೆಯಿರಿ, ನಡುವೆ ಹಳ್ಳ, ಹೆದ್ದಾರಿ, ರೈಲು ಹಳಿ ಇದ್ದರೆ ಅದನ್ನೂ ಬರೆಯಿರಿ. ಇನ್ನೊಂದು, ಜಾಗದ ದಾಖಲೆ. ಪಹಣಿ ಶಾಲೆಯ ಹೆಸರಿನಲ್ಲಿದೆಯೇ? ಅಜ್ಜನ ಕಾಲದಲ್ಲಿ ದಾನ ಕೊಟ್ಟ ಜಾಗ ಇನ್ನೂ ಅಜ್ಜನ ಹೆಸರಿನಲ್ಲೇ ಇದೆಯೇ? ಮೊಮ್ಮಕ್ಕಳು ತಕರಾರು ತೆಗೆದ ಮೇಲೆ ಮಂಜೂರಾದ ಕೊಠಡಿ ವಾಪಸ್ ಹೋದ ಊರುಗಳು ಬೇಕಾದಷ್ಟಿವೆ. ದಾನಪತ್ರ ನೋಂದಣಿ ಆಗಿರದಿದ್ದರೆ ಮೊದಲ ಕೆಲಸ ಉಪನೋಂದಣಿ ಕಚೇರಿಯಲ್ಲಿ.

ಮಂಜೂರಾದ ಹುದ್ದೆ, ಹಿಂದಿನ ಪ್ರಸ್ತಾವನೆಯ ಗತಿ ಇಂಥ ವಿವರ ಕಚೇರಿಯಲ್ಲಿ ಬಾಯಿಮಾತಿಗೆ ಸಿಗದಿದ್ದರೆ ಮಾಹಿತಿ ಹಕ್ಕು ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಬಿಪಿಎಲ್ ಕುಟುಂಬದವರಿಗೆ ಶುಲ್ಕವಿಲ್ಲ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ಕೋಪವನ್ನೆಲ್ಲ ಅರ್ಜಿಯಲ್ಲಿ ಬರೆದು ಪದ ಖರ್ಚು ಮಾಡಿಕೊಳ್ಳಬೇಡಿ.

ಕೆಡಿಪಿ ಸಭೆ

ಶಾಸಕರ ನಿಜವಾದ ಹಿಡಿತ ಕಾಣುವುದು ವಿಧಾನಸೌಧಕ್ಕಿಂತ ಹೆಚ್ಚಾಗಿ ತಾಲ್ಲೂಕು ಪಂಚಾಯಿತಿ ಸಭಾಂಗಣದಲ್ಲಿ. ಮೂರು ತಿಂಗಳಿಗೊಮ್ಮೆ ತಾಲ್ಲೂಕು ಮಟ್ಟದ ಕೆಡಿಪಿ (ಕರ್ನಾಟಕ ಅಭಿವೃದ್ಧಿ ಕಾರ್ಯಕ್ರಮಗಳ ಪ್ರಗತಿ ಪರಿಶೀಲನೆ) ಸಭೆ ನಡೆಯಬೇಕು, ಅಧ್ಯಕ್ಷತೆ ಶಾಸಕರದು. ಬಿಇಒ ಎದ್ದು ನಿಂತು ಇಲಾಖೆಯ ಪ್ರಗತಿ ಓದಬೇಕು: ಪಠ್ಯಪುಸ್ತಕ ಎಷ್ಟು ಬಂತು, ಸಮವಸ್ತ್ರ ಎಷ್ಟು, ಅತಿಥಿ ಶಿಕ್ಷಕರು ಎಷ್ಟು, ದುರಸ್ತಿ ಎಷ್ಟು. ಅಲ್ಲಿ ಶಾಸಕರು ಹೇಳಿದ್ದು ನಡವಳಿಯಲ್ಲಿ ದಾಖಲಾಗುತ್ತದೆ, ಮುಂದಿನ ಸಭೆಗೆ ಅನುಪಾಲನಾ ವರದಿ (ಹೇಳಿದ್ದನ್ನು ಮಾಡಿದ್ದರ ವರದಿ) ತರಬೇಕಾಗುತ್ತದೆ. ಒಂದು ಶಿಫಾರಸು ಪತ್ರಕ್ಕೂ ನಡವಳಿಯಲ್ಲಿ ಬಂದ ಒಂದು ಸಾಲಿಗೂ ಇರುವ ವ್ಯತ್ಯಾಸ ಇದು. ಪತ್ರಕ್ಕೆ ಉತ್ತರ ಕೊಡದಿದ್ದರೆ ಯಾರೂ ಕೇಳುವುದಿಲ್ಲ, ಅನುಪಾಲನೆ ಖಾಲಿ ಇದ್ದರೆ ಎಲ್ಲರೆದುರು ನಿಲ್ಲಬೇಕು.

ಸಾರ್ವಜನಿಕರಿಗೆ ಆ ಸಭೆಯಲ್ಲಿ ಮಾತಾಡಲು ಅವಕಾಶ ಇರುವುದಿಲ್ಲ. ಆದ್ದರಿಂದ ಕೆಲಸವೆಲ್ಲ ಸಭೆಗೆ ಮುಂಚೆಯೇ. ಸಭೆಯ ದಿನಾಂಕ ತಾಲ್ಲೂಕು ಪಂಚಾಯಿತಿ ಕಾರ್ಯನಿರ್ವಾಹಕ ಅಧಿಕಾರಿಯ ಕಚೇರಿಯಲ್ಲಿ ತಿಳಿಯುತ್ತದೆ. ಒಂದು ವಾರ ಮೊದಲು ನಿಮ್ಮ ಹಾಳೆಯನ್ನು ಶಾಸಕರಿಗೆ ಕೊಡಿ, ಸರ್ಕಾರ ನಾಮನಿರ್ದೇಶನ ಮಾಡಿದ ಕೆಡಿಪಿ ಸದಸ್ಯರಲ್ಲಿ ಒಬ್ಬರಿಗಾದರೂ ಒಂದು ಪ್ರತಿ ಕೊಡಿ. ಶಾಸಕರ ಮೇಜಿನಲ್ಲಿ ಆ ದಿನ ಮೂವತ್ತು ಇಲಾಖೆಗಳ ಪುಸ್ತಕ ಇರುತ್ತದೆ. ಶಿಕ್ಷಣದ ಸರದಿ ಬರುವ ಹೊತ್ತಿಗೆ ಊಟದ ಸಮಯ. ಸದಸ್ಯರೊಬ್ಬರು ಎದ್ದು 'ಸಾರ್, ಆ ಶಾಲೆಯ ಉನ್ನತೀಕರಣದ ಪ್ರಸ್ತಾವನೆ ಬಿಇಒ ಕಚೇರಿಯಲ್ಲೇ ಐದು ತಿಂಗಳಿಂದ ಇದೆ' ಎಂದರೆ ಸಾಕು. ಬಿಇಒ 'ಪರಿಶೀಲನೆಯಲ್ಲಿದೆ' ಎನ್ನುತ್ತಾರೆ. ಸದಸ್ಯರು ಅಲ್ಲಿಗೇ ಬಿಡದೆ ಯಾವ ದಿನಾಂಕದೊಳಗೆ ಡಿಡಿಪಿಐಗೆ ಹೋಗುತ್ತದೆ ಎಂದು ಕೇಳಿ, ಆ ದಿನಾಂಕವನ್ನು ನಡವಳಿಗೆ ಬರೆಸಬೇಕು. ದಿನಾಂಕವಿಲ್ಲದ ಸೂಚನೆ ಮುಂದಿನ ಸಭೆಯಲ್ಲೂ 'ಪರಿಶೀಲನೆಯಲ್ಲಿದೆ' ಎಂದೇ ವಾಪಸ್ ಬರುತ್ತದೆ.

ಸಭೆಯ ನಡವಳಿಯ ಪ್ರತಿ ಕೇಳಿ ಪಡೆಯಿರಿ. ನಿಮ್ಮ ಶಾಲೆಯ ಸಾಲು ಅದರಲ್ಲಿ ಇಲ್ಲದಿದ್ದರೆ ಸಭೆಯಲ್ಲಿ ಎಷ್ಟು ಗದ್ದಲವಾಗಿದ್ದರೂ ಏನೂ ಆಗಿಲ್ಲ ಎಂದೇ ಲೆಕ್ಕ.

ಶಾಸಕರ ಅನುದಾನ ಕೇಳುವಾಗ

ಸ್ಥಳೀಯ ಪ್ರದೇಶಾಭಿವೃದ್ಧಿ ಯೋಜನೆಯಲ್ಲಿ ಒಬ್ಬ ಶಾಸಕರಿಗೆ ವರ್ಷಕ್ಕೆ 2 ಕೋಟಿ ರೂಪಾಯಿ, ಪರಿಷತ್ ಸದಸ್ಯರಿಗೂ ಅಷ್ಟೇ. ಹಣ ಜಿಲ್ಲಾಧಿಕಾರಿಯ ಖಾತೆಯಲ್ಲಿರುತ್ತದೆ, ಶಾಸಕರು ಕಾಮಗಾರಿ ಶಿಫಾರಸು ಮಾಡುತ್ತಾರೆ. ಬಾಳಿಕೆ ಬರುವ ಆಸ್ತಿಗೆ ಮಾತ್ರ ಸಿಗುತ್ತದೆ: ಕೊಠಡಿ, ಶೌಚಾಲಯ, ಪ್ರಯೋಗಾಲಯ. ಸಂಬಳ, ಗೌರವಧನ ಇದರಿಂದ ಬರುವುದಿಲ್ಲ. ಆದ್ದರಿಂದ ಅತಿಥಿ ಶಿಕ್ಷಕರಿಗೆ ಶಾಸಕರ ನಿಧಿ ಕೇಳಿ ಮುಖಭಂಗ ಮಾಡಿಕೊಳ್ಳಬೇಡಿ. ಅದೇ 2 ಕೋಟಿಗೆ ರಸ್ತೆ, ಚರಂಡಿ, ಸಮುದಾಯ ಭವನ, ದೇವಸ್ಥಾನದ ಮುಂದಿನ ಶೆಡ್ಡು ಎಲ್ಲವೂ ಸಾಲು ನಿಂತಿರುತ್ತವೆ, ಅದೂ ತಿಳಿದಿರಲಿ.

ಶಿಫಾರಸು ಪತ್ರದಿಂದ ಕೀಲಿಕೈವರೆಗಿನ ದಾರಿ ಹೀಗಿದೆ. ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗ, ಕೆಆರ್‌ಐಡಿಎಲ್ (ರಾಜ್ಯದ ಗ್ರಾಮೀಣ ಮೂಲಸೌಕರ್ಯ ನಿಗಮ) ಅಥವಾ ನಿರ್ಮಿತಿ ಕೇಂದ್ರ ಎಸ್‌ಆರ್ ದರದಲ್ಲಿ (ಸರ್ಕಾರ ಗೊತ್ತುಪಡಿಸಿದ ದರಪಟ್ಟಿ) ಅಂದಾಜು ಪಟ್ಟಿ ಮಾಡುತ್ತದೆ. ಜಿಲ್ಲಾಧಿಕಾರಿ ಆಡಳಿತಾತ್ಮಕ ಅನುಮೋದನೆ ಕೊಡುತ್ತಾರೆ. ತಾಂತ್ರಿಕ ಮಂಜೂರಾತಿ ಆಗುತ್ತದೆ, ಮೊದಲ ಕಂತು ಬಿಡುಗಡೆ, ಕೆಲಸ, ಬಳಕೆ ಪ್ರಮಾಣಪತ್ರ, ಉಳಿದ ಕಂತು. ಕೆಲಸ ನಿಲ್ಲುವುದು ಎರಡು ಕಡೆ. ಒಂದು, ಅಂದಾಜಿಗಿಂತ ಕಡಿಮೆ ಮೊತ್ತದ ಶಿಫಾರಸು: ಹತ್ತು ಶಾಲೆಗೆ ಹಂಚುವ ಆಸೆಯಲ್ಲಿ ಪ್ರತಿಯೊಂದಕ್ಕೂ ಅರ್ಧ ಕೊಠಡಿಯ ದುಡ್ಡು ಬರೆದರೆ ಹತ್ತು ಕಡೆ ಬುನಾದಿ ಏಳುತ್ತದೆ, ತಾರಸಿ ಎಲ್ಲೂ ಬೀಳುವುದಿಲ್ಲ. ನಿಮಗೆ ಸಿಕ್ಕಿದ್ದು ಅರ್ಧ ಎಂದಾದರೆ ಉಳಿದರ್ಧ ಯಾವ ಲೆಕ್ಕಶೀರ್ಷಿಕೆಯಿಂದ ಎಂದು ಬರೆಸಿಕೊಂಡೇ ಒಪ್ಪಿ. ಇನ್ನೊಂದು, ನೀತಿ ಸಂಹಿತೆ: ನಿಮ್ಮ ಪ್ರದೇಶಕ್ಕೆ ಅನ್ವಯಿಸುವ ಚುನಾವಣೆ ಘೋಷಣೆಯಾದರೆ ಹೊಸ ಕಾಮಗಾರಿಗೆ ತಡೆ. ಅಷ್ಟರೊಳಗೆ ಕೆಲಸ ನೆಲಕ್ಕಿಳಿದಿದ್ದರೆ ಮುಂದುವರಿಯುತ್ತದೆ.

ಕಲ್ಯಾಣ ಕರ್ನಾಟಕದ ಏಳು ಜಿಲ್ಲೆಗಳವರಿಗೆ ಇನ್ನೊಂದು ಬಾಗಿಲಿದೆ. ಸಂವಿಧಾನದ 371(ಜೆ) ವಿಧಿಯಡಿ ಬಂದ ಪ್ರದೇಶಾಭಿವೃದ್ಧಿ ಮಂಡಳಿಯ ಹಣದಲ್ಲಿ ಶಾಸಕರ ಶಿಫಾರಸಿಗೆ ಜಾಗವಿದೆ, ಶಾಲೆಗಳಿಗೆಂದೇ 'ಅಕ್ಷರ ಆವಿಷ್ಕಾರ' ಕಾರ್ಯಕ್ರಮವೂ ಇದೆ. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರದ ಎಸ್‌ಡಿಎಂಸಿಗಳು 2 ಕೋಟಿಯ ಸಾಲಿನಲ್ಲಿ ನಿಲ್ಲುವ ಮುಂಚೆ ಈ ಬಾಗಿಲು ತಟ್ಟಬೇಕು. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ಗುರುತಿಸಿದ 114 ಹಿಂದುಳಿದ ತಾಲ್ಲೂಕುಗಳಲ್ಲಿ ನಿಮ್ಮದೂ ಇದ್ದರೆ, ಯಾವ ವರ್ಗದ್ದು ಎಂದು ಹಾಳೆಯಲ್ಲಿ ನಮೂದಿಸಿ. 39 'ಅತ್ಯಂತ ಹಿಂದುಳಿದ' ತಾಲ್ಲೂಕುಗಳ ವಾದಕ್ಕೆ ತೂಕ ಹೆಚ್ಚು.

ಸದನದಲ್ಲಿ ಪ್ರಶ್ನೆ

ಒಂದು ಶಾಲೆಯ ಮಾತು ಕೆಡಿಪಿಯಲ್ಲಿ ಮುಗಿಯುತ್ತದೆ. ಇಡೀ ತಾಲ್ಲೂಕಿನ ಖಾಲಿ ಹುದ್ದೆ, ಶಾಲೆ ವಿಲೀನ, ಬೋಧನಾ ಮಾಧ್ಯಮದ ಆದೇಶ ಇಂಥವಕ್ಕೆ ಸದನ ಬೇಕು. ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಸದನದಲ್ಲಿ ಬಾಯಲ್ಲಿ ಉತ್ತರಿಸಬೇಕು, ಉಪಪ್ರಶ್ನೆ ಕೇಳಬಹುದು. ಚುಕ್ಕೆ ಗುರುತಿಲ್ಲದ್ದಕ್ಕೆ ಲಿಖಿತ ಉತ್ತರ. ಊರಿನವರಿಗೆ ಚುಕ್ಕೆ ಗುರುತಿನದೇ ದೊಡ್ಡದು ಎನಿಸುತ್ತದೆ, ಟಿವಿಯಲ್ಲಿ ಬರುತ್ತದಲ್ಲ. ಅಂಕಿ ಅಂಶ ಬೇಕಾದವರಿಗೆ ಮಾತ್ರ ಚುಕ್ಕೆ ಗುರುತಿಲ್ಲದ್ದೇ ಲಾಭ: ಶಾಲಾವಾರು ಪಟ್ಟಿ ಸಹಿತ ಸಚಿವರ ಸಹಿಯ ಉತ್ತರ ಸಿಗುತ್ತದೆ, ಸದನದ ವೆಬ್‌ಸೈಟಿನಲ್ಲೂ ಉಳಿಯುತ್ತದೆ.

ಪ್ರಶ್ನೆಯನ್ನು ನೀವೇ ಬರೆದು ಕೊಡಿ. ನಮೂನೆ ಹೀಗಿರಲಿ (ಪಿಸಿಎಂ ಎಂದರೆ ಭೌತ, ರಸಾಯನ, ಗಣಿತ; ಸಿಬಿಝಡ್ ಎಂದರೆ ರಸಾಯನ, ಸಸ್ಯ, ಪ್ರಾಣಿಶಾಸ್ತ್ರ):

ಅ) ____ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಗಳಲ್ಲಿ ಮಂಜೂರಾದ, ಭರ್ತಿಯಾದ ಹಾಗೂ ಖಾಲಿ ಇರುವ ಪಿಸಿಎಂ ಮತ್ತು ಸಿಬಿಝಡ್ ಶಿಕ್ಷಕರ ಹುದ್ದೆಗಳೆಷ್ಟು, (ಶಾಲಾವಾರು ವಿವರ ನೀಡುವುದು)
ಆ) ಪ್ರತಿ ಹುದ್ದೆ ಯಾವ ದಿನಾಂಕದಿಂದ ಖಾಲಿ ಇದೆ;
ಇ) ಖಾಲಿ ಹುದ್ದೆಗೆ ಅತಿಥಿ ಶಿಕ್ಷಕರನ್ನು ಒದಗಿಸಿರುವ ಶಾಲೆಗಳು ಯಾವುವು, ಒದಗಿಸದಿರುವ ಶಾಲೆಗಳು ಯಾವುವು;
ಈ) ಈ ಹುದ್ದೆಗಳನ್ನು ಯಾವ ಕಾಲಮಿತಿಯೊಳಗೆ ಭರ್ತಿ ಮಾಡಲಾಗುವುದು?

'ಶಿಕ್ಷಕರ ಕೊರತೆ ಇರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ' ಎಂದು ಶುರುಮಾಡುವ ಹಳೆಯ ಚಟ ಬಿಡಿಸಿ. ಅದಕ್ಕೆ ಬರುವ ಉತ್ತರ ಒಂದೇ ಪದ: 'ಬಂದಿದೆ.' ಒಂದು ಉಪವಿಭಾಗ ಹೋಯಿತು. 'ಭರ್ತಿಗೆ ಯಾವ ಕ್ರಮ ಕೈಗೊಳ್ಳಲಾಗಿದೆ' ಎಂದರೂ ಅಷ್ಟೇ, 'ಹಂತ ಹಂತವಾಗಿ ಕ್ರಮ ವಹಿಸಲಾಗುತ್ತಿದೆ' ಎಂದು ಜಾರಿಕೊಳ್ಳುತ್ತಾರೆ. ದಿನಾಂಕ, ಸಂಖ್ಯೆ, ಶಾಲಾವಾರು ಎಂಬ ಮೂರು ಪದ ಪ್ರಶ್ನೆಯಲ್ಲಿದ್ದರೆ ಜಾರುವುದು ಕಷ್ಟ.

ಪ್ರಶ್ನೆಯ ನೋಟಿಸು ಅಧಿವೇಶನಕ್ಕೆ ಸಾಕಷ್ಟು ಮೊದಲೇ ಕಾರ್ಯದರ್ಶಿ ಕಚೇರಿ ಸೇರಬೇಕು. ಅಧಿವೇಶನದ ದಿನಾಂಕ ಪತ್ರಿಕೆಯಲ್ಲಿ ಬಂದ ಕೂಡಲೇ ಶಾಸಕರ ಕೈಗೆ ಮುಟ್ಟಿಸಿ, ಕನಿಷ್ಠ ಮೂರು ವಾರ ಮುಂಚೆ ಎಂದಿಟ್ಟುಕೊಳ್ಳಿ. ಬೆಳಗಾವಿಯ ಸುವರ್ಣ ವಿಧಾನಸೌಧದ ಚಳಿಗಾಲದ ಅಧಿವೇಶನಕ್ಕೆ ನವೆಂಬರ್ ಮೊದಲ ವಾರವೇ ಸಿದ್ಧರಾಗಿ. ತುರ್ತು ವಿಷಯವಾದರೆ ವಿಧಾನಸಭೆಯ ನಿಯಮ 73ರ ಗಮನ ಸೆಳೆಯುವ ಸೂಚನೆ ಇದೆ, ದೊಡ್ಡ ಚರ್ಚೆಗೆ ನಿಯಮ 69 ಇದೆ. ಗದ್ದಲದಲ್ಲಿ ಕಲಾಪ ಮುಂದೂಡಿದರೆ ಈ ಸೂಚನೆಗಳು ಕೊಚ್ಚಿಹೋಗುವುದುಂಟು, ಲಿಖಿತ ಉತ್ತರಗಳನ್ನು ಮಾತ್ರ ಸದನದಲ್ಲಿ ಮಂಡಿಸಿಬಿಡುತ್ತಾರೆ. ಚುಕ್ಕೆ ಗುರುತಿಲ್ಲದ ಪ್ರಶ್ನೆಯನ್ನು ಹೊಗಳಲು ಇದು ಇನ್ನೊಂದು ಕಾರಣ.

ಸಚಿವರು ಸದನದಲ್ಲಿ 'ಈ ವರ್ಷವೇ ಮಾಡಿಕೊಡುತ್ತೇವೆ' ಎಂದರೆ ಅದು ಭರವಸೆ. ಅದನ್ನು ಹಿಂಬಾಲಿಸಲೆಂದೇ ಸರ್ಕಾರಿ ಭರವಸೆಗಳ ಸಮಿತಿ ಇದೆ. ಆ ದಿನದ ನಡವಳಿಯ ಪುಟವನ್ನು ಮುದ್ರಿಸಿಕೊಂಡು ಇಟ್ಟುಕೊಳ್ಳಿ. ಸಾರ್ವಜನಿಕರೇ ನೇರವಾಗಿ ಸದನದ ಮುಂದೆ ಹೋಗುವ ದಾರಿ ಅರ್ಜಿಗಳ ಸಮಿತಿ. ಅರ್ಜಿಗೆ ಸದಸ್ಯರೊಬ್ಬರ ಮೇಲುಸಹಿ ಬೇಕಾಗುತ್ತದೆ, ಅವರು ನಿಮ್ಮ ಕ್ಷೇತ್ರದವರೇ ಆಗಬೇಕಿಲ್ಲ.

ಶಾಸಕರಿಂದ ಆಗದ್ದು, ಆಗಬಾರದ್ದು

ಶಿಕ್ಷಕರ ವರ್ಗಾವಣೆ ಕೌನ್ಸೆಲಿಂಗ್ ಮೂಲಕ ನಡೆಯುತ್ತದೆ, ಶಾಲೆಗಳನ್ನು ವಿಂಗಡಿಸಿದ ಎ, ಬಿ, ಸಿ ವಲಯಗಳ ಲೆಕ್ಕದಲ್ಲಿ. 'ನಮ್ಮೂರಿಗೆ ಇಂಥವರನ್ನೇ ಹಾಕಿಸಿ' ಎಂಬ ಪತ್ರಕ್ಕೆ ಅಲ್ಲಿ ಜಾಗವಿಲ್ಲ. ಹುದ್ದೆ ಕೌನ್ಸೆಲಿಂಗ್ ಪಟ್ಟಿಯಲ್ಲಿ 'ಖಾಲಿ' ಎಂದು ತೋರಿಸಿದೆಯೇ ಎಂದು ನೋಡಿಸುವುದು ಶಾಸಕರಿಂದ ಆಗುವ ಕೆಲಸ. ಪಟ್ಟಿಯಲ್ಲಿ ಬಾರದ ಹುದ್ದೆಗೆ ಯಾರೂ ಬರಲು ಸಾಧ್ಯವಿಲ್ಲ. ಮೇ ತಿಂಗಳ ಕೊನೆಗೆ ಶಾಲೆ ಶುರುವಾಗುವ ಹೊತ್ತಿಗೆ ಅತಿಥಿ ಶಿಕ್ಷಕರ ಹಂಚಿಕೆಯಲ್ಲಿ ನಿಮ್ಮ ಶಾಲೆಯ ಹೆಸರಿದೆಯೇ ಎಂಬುದನ್ನೂ ಹೀಗೆಯೇ ನೋಡಿಸಿ.

ಸರ್ಕಾರಿ ಪದವಿಪೂರ್ವ ಕಾಲೇಜುಗಳ ಅಭಿವೃದ್ಧಿ ಸಮಿತಿಗೂ ಕರ್ನಾಟಕ ಪಬ್ಲಿಕ್ ಶಾಲೆಗಳ ಎಸ್‌ಡಿಎಂಸಿಗೂ ಶಾಸಕರೇ ಅಧ್ಯಕ್ಷರು. ಕಾಲೇಜು ಸಮಿತಿಯ ಅಧಿಕಾರ 2014ರ ಸುತ್ತೋಲೆಯಿಂದ ಬಂದದ್ದು. ಸಮವಸ್ತ್ರ ನಿರ್ಧರಿಸುವ ಅಧಿಕಾರ ಶಾಸಕರ ಅಧ್ಯಕ್ಷತೆಯ ಸಮಿತಿಗೆ ಇದೆಯೇ ಎಂಬ ವಾದ 2022ರಲ್ಲಿ ಹೈಕೋರ್ಟಿನವರೆಗೆ ಹೋಯಿತು. ಊರಿನ ಮಟ್ಟದಲ್ಲಿ ನೋಡಿಕೊಳ್ಳಬೇಕಾದ್ದು ಸರಳ: ಸಭೆ ಕರೆಯುತ್ತಿದ್ದಾರೆಯೇ, ನಡವಳಿ ಬರೆಯುತ್ತಿದ್ದಾರೆಯೇ, ಪೋಷಕ ಸದಸ್ಯರಿಗೆ ಮೊದಲೇ ತಿಳಿಸುತ್ತಿದ್ದಾರೆಯೇ. ಪ್ರಾಥಮಿಕ ಶಾಲೆಯ ಸಮಿತಿಯ ಮಾತು ಬೇರೆ. ಆರ್‌ಟಿಇ ಪ್ರಕಾರ ಅದರ ಮುಕ್ಕಾಲು ಪಾಲು ಪೋಷಕರು, ಅರ್ಧದಷ್ಟು ಮಹಿಳೆಯರು. ಪಕ್ಷದ ಕಾರ್ಯಕರ್ತರನ್ನು ತುಂಬಲು ಶಾಸಕರ ಕಡೆಯವರು ಪಟ್ಟಿ ಕಳಿಸಿದರೆ ಪೋಷಕರ ಸಭೆಯಲ್ಲೇ ಆಯ್ಕೆ ಮಾಡಿ, ಹಾಜರಿ ಸಹಿ ಮಾಡಿಸಿ, ಅಂದೇ ಬಿಇಒಗೆ ಸ್ವೀಕೃತಿ ಪಡೆದು ಕೊಡಿ. ತಡಮಾಡಿದರೆ ಎರಡು ಪಟ್ಟಿ ಹುಟ್ಟುತ್ತವೆ. ಎರಡು ಪಟ್ಟಿ ಇರುವ ಶಾಲೆಯಲ್ಲಿ ಬ್ಯಾಂಕ್ ಖಾತೆಯ ಸಹಿ ಯಾರದು ಎಂದು ತೀರ್ಮಾನವಾಗುವವರೆಗೆ ಹಣವೂ ಅಲುಗುವುದಿಲ್ಲ.

ತಿಂಗಳ ಲೆಕ್ಕ

ಆರ್‌ಟಿಇ ಪ್ರಕಾರ ಶಾಲಾ ಅಭಿವೃದ್ಧಿ ಯೋಜನೆ ಬರೆಯಬೇಕಾದ್ದು ಸಮಿತಿಯೇ, ಅನುದಾನಕ್ಕೆ ಅದು ಆಧಾರ. ಎಷ್ಟೋ ಶಾಲೆಯಲ್ಲಿ ಪಕ್ಕದ ಶಾಲೆಯದನ್ನು ನಕಲು ಮಾಡಿ ಕಳಿಸುತ್ತಾರೆ. ಅದನ್ನು ನವೆಂಬರ್, ಡಿಸೆಂಬರ್ ಒಳಗೆ ನಿಜವಾಗಿ ಬರೆದು ಮುಗಿಸಿ, ಏಕೆಂದರೆ ಇಲಾಖೆಯ ಬಜೆಟ್ ಪ್ರಸ್ತಾವನೆಗಳು ಆಗಲೇ ಹೋಗಲು ಶುರುವಾಗಿರುತ್ತವೆ. ಹೊಸ ಹುದ್ದೆ, ಹೊಸ ತರಗತಿ, ಉನ್ನತೀಕರಣಕ್ಕೆ ಆರ್ಥಿಕ ಇಲಾಖೆಯ ಸಹಮತಿ ಬೇಕು. ಫೆಬ್ರವರಿ ಅಥವಾ ಮಾರ್ಚ್‌ನಲ್ಲಿ ಬಜೆಟ್ ಮಂಡನೆ ಆದ ಮೇಲೆ ಕೇಳಿದರೆ 'ಮುಂದಿನ ಸಾಲಿನಲ್ಲಿ ಪರಿಗಣಿಸಲಾಗುವುದು' ಎಂಬ ಉತ್ತರ ಸಿದ್ಧವಿರುತ್ತದೆ. ಕಾಂಪೌಂಡು, ಆಟದ ಮೈದಾನದಂಥವಕ್ಕೆ ಗ್ರಾಮ ಪಂಚಾಯಿತಿಯ ಉದ್ಯೋಗ ಖಾತರಿ ಕ್ರಿಯಾ ಯೋಜನೆ ನೋಡಿ. ಗ್ರಾಮಸಭೆ ಮತ್ತು ಮಕ್ಕಳ ಗ್ರಾಮಸಭೆಯ ಠರಾವಿನಲ್ಲಿ ಶಾಲೆಯ ಹೆಸರು ಬರಲಿ.

ಕಡತ ಬೆಂಗಳೂರು ಸೇರಿದ ಮೇಲೆ ಇ-ಆಫೀಸ್ ಸಂಖ್ಯೆ (ಕಂಪ್ಯೂಟರಿನಲ್ಲಿ ಕಡತಕ್ಕೆ ಕೊಟ್ಟ ಸಂಖ್ಯೆ) ಕೇಳಿಕೊಳ್ಳಿ. ಆ ಸಂಖ್ಯೆ ಇಲ್ಲದೆ ಶಾಸಕರು ಸಚಿವರ ಕಚೇರಿಗೆ ಫೋನ್ ಮಾಡಿದರೂ ಅಲ್ಲಿನ ವಿಷಯ ನಿರ್ವಾಹಕರಿಗೆ ಹುಡುಕಲು ಏನೂ ಇರುವುದಿಲ್ಲ. ಸಂಖ್ಯೆ ಇದ್ದರೆ ಕಡತ ಯಾರ ಮೇಜಿನಲ್ಲಿ ಎಷ್ಟು ದಿನದಿಂದ ಇದೆ ಎಂದು ಎರಡು ನಿಮಿಷದಲ್ಲಿ ಹೇಳುತ್ತಾರೆ. ಅದನ್ನು ಹಾಳೆಯ ಮೇಲ್ತುದಿಯಲ್ಲಿ ದಪ್ಪ ಅಕ್ಷರದಲ್ಲಿ ಬರೆದು, ಒಂದು ಪ್ರತಿಯನ್ನು ಆಪ್ತ ಸಹಾಯಕರ ಡೈರಿಯೊಳಗೇ ಇಟ್ಟು ಬನ್ನಿ.